ಮೂರು ಫೌಲ್‌ಗೆ ಟೀಮ್ ಔಟ್: ನಮ್ಮೂರ ಬೌಲಿಂಗ್ ಟೂರ್ನಮೆಂಟ್ ಹೇಗಿತ್ತು ಅಂದ್ರೆ

ಇದು ಕ್ರಿಕೆಟ್ಟಿನ ಬೌಲಿಂಗ್ ಅಲ್ಲ, ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಮೊದಲೇ ಹೇಳಿಬಿಡುತ್ತೇನೆ, ಈ ಟೂರ್ನಮೆಂಟಿನಲ್ಲಿ ನಮ್ಮ ಟೀಮನ್ನು ಎರಡನೇ ಗೇಮಿನ ನಡುವೆಯೇ ಹೊರಗೆ ಹಾಕಿದರು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಹೊಟ್ಟೆಯುರಿ ಇದ್ದೇ ಇರುತ್ತದೆ, ಅದಷ್ಟನ್ನು ಕಳೆದು ಓದಿ. ಜಾಗದ ಹೆಸರು ಹಾಕುವುದಿಲ್ಲ. ಹಾಕಿದರೆ ಮಾಲೀಕರು ಮೊದಲು ಹರಿಹಾಯುವುದು ಕೌಂಟರಿನ ಹುಡುಗರ ಮೇಲೆ, ಆ ಹುಡುಗರದೇನೂ ತಪ್ಪಿಲ್ಲ. ಕಲಬುರಗಿಯ ಒಂದು ಗೇಮ್ ಝೋನ್ ಅಂತಷ್ಟೇ ಇಟ್ಟುಕೊಳ್ಳಿ.

ಸುಮ್ನೆ ಮನೆಮಂದಿ ಜೊತೆ ಆಡಲು ಹೋಗುವವರಿಗೆ ಇದು ಒಳ್ಳೆಯ ಜಾಗ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಸುಡುವಾಗ ಒಳಗೆ ಎಸಿ ತಂಪಾಗಿರುತ್ತದೆ, ನಿಜ ಹೇಳಬೇಕೆಂದರೆ ನಮ್ಮೂರಲ್ಲಿ ಅರ್ಧ ಜನ ಬರುವುದೇ ಅದಕ್ಕೆ. ನಾಲ್ಕು ಲೇನ್ ಇವೆ, ಅಂದರೆ ಚೆಂಡು ಉರುಳಿಸುವ ಉದ್ದನೆಯ ಹಾದಿಗಳು. ವಾರದ ದಿನ ಒಂದು ಗೇಮಿಗೆ 180 ರೂಪಾಯಿ, ಶನಿವಾರ ಭಾನುವಾರ 250. ಶೂ ಅದರಲ್ಲೇ ಬಂತು, ಸಾಕ್ಸ್ ಮರೆತು ಬಂದರೆ ಮತ್ತೆ 50. ಚೆಂಡುಗಳು 6 ಪೌಂಡಿನಿಂದ 14 ಪೌಂಡಿನವರೆಗೆ ಇವೆ. ನಿಯಮದ ಪ್ರಕಾರ 16 ಪೌಂಡ್ ತನಕ ಇರಬಹುದು, ಅಂದರೆ ಏಳೂಕಾಲು ಕಿಲೋ, ಆದರೆ ಅದನ್ನು ಎತ್ತಿ ಬೆನ್ನು ಹಿಡಿಸಿಕೊಳ್ಳುವುದು ಯಾರಿಗೆ ಬೇಕು. ಒಂದೇ ತೊಂದರೆ, ಭಾರದ ಚೆಂಡುಗಳಲ್ಲಿ ಬೆರಳಿನ ತೂತು ಚಿಕ್ಕದಾಗಿವೆ. ನನ್ನ ಹೆಬ್ಬೆರಳು ಎರಡು ಸಲ ಸಿಕ್ಕಿಕೊಂಡಿದೆ. ತಿನ್ನಲು 140 ರೂಪಾಯಿಯ ಸ್ಯಾಂಡ್‌ವಿಚ್ ಇಟ್ಟಿದ್ದಾರೆ, ಅದರ ಬಗ್ಗೆ ಮಾತಾಡುವುದು ಬೇಡ. ಹೊರಗೆ ಬಂದು ಗಾಡಿಯಲ್ಲಿ ಬಿಸಿ ಮಿರ್ಚಿ ಭಜಿ, ಸುಸಲಾ ತಿನ್ನಿ.

ಇನ್ನೊಂದು ವಿಷಯ ಗೊತ್ತಿರಲಿ. ಇಲ್ಲಿನ ಪಿನ್‌ಗಳು ದಾರಕ್ಕೆ ಕಟ್ಟಿದ ಪಿನ್‌ಗಳು. ಪ್ರತಿ ಪಿನ್ನಿನ ತಲೆಗೆ ಒಂದು ದಾರ, ಬಿದ್ದ ಮೇಲೆ ಮೇಲಿಂದ ಎಳೆದು ನಿಲ್ಲಿಸುತ್ತಾರೆ, ಗೊಂಬೆಯಾಟದ ಹಾಗೆ. ದಾರವಿಲ್ಲದ ಪಿನ್ ಬಿಡುಬೀಸಾಗಿ ಹಾರಿ ಪಕ್ಕದ್ದನ್ನು ಹೊಡೆಯುತ್ತದೆ, ಇದು ಅಷ್ಟು ಹಾರುವುದಿಲ್ಲ. ಮಷೀನ್ ಅಗ್ಗ, ರಿಪೇರಿ ಕಡಿಮೆ, ಅದಕ್ಕೇ ಇತ್ತೀಚೆಗೆ ಎಲ್ಲ ಕಡೆ ಇದೇ ಬರುತ್ತಿದೆ. ತಪ್ಪೇನಿಲ್ಲ. ಆದರೆ ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ಕೂಡ 2023ರಲ್ಲಿ ದಾರದ ಪಿನ್ನಿಗೆ ಮಾನ್ಯತೆ ಕೊಟ್ಟಾಗ ಅದನ್ನು ಬೇರೆಯೇ ವರ್ಗ ಅಂತ ಇಟ್ಟಿತು, ಹಳೆಯದರ ಜೊತೆ ಬೆರೆಸಲಿಲ್ಲ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬೇರೆ ಥರದ ಮಷೀನಿನಲ್ಲಿ ಆಡಿದ ನಿಮ್ಮ ಸ್ಕೋರು ಇಲ್ಲಿ ಹಾಗೆಯೇ ಬರುತ್ತದೆ ಅಂದುಕೊಳ್ಳಬೇಡಿ.

ಈಗ ಟೂರ್ನಮೆಂಟಿಗೆ ಬರೋಣ. 12 ಟೀಮ್, ಒಂದೊಂದರಲ್ಲಿ ಮೂರು ಜನ, ಟೀಮಿಗೆ 1500 ರೂಪಾಯಿ ಫೀಸು, ಮೊದಲ ಬಹುಮಾನ 8 ಸಾವಿರ. ನಾಲ್ಕು ನಾಲ್ಕು ಟೀಮುಗಳು ಮೂರು ಪಾಳಿಯಲ್ಲಿ ಆಡಬೇಕು, ಪ್ರತಿಯೊಬ್ಬರಿಗೂ ಮೂರು ಗೇಮ್. ನಮ್ಮ ಟೀಮಿನಲ್ಲಿ ನಾನು, ನನ್ನ ಅಕ್ಕನ ಮಗ, ಮತ್ತೆ ನಮ್ಮ ಓಣಿಯ ಅಕ್ಕೋರು. ಅಕ್ಕೋರು ಹೈಸ್ಕೂಲಿನಲ್ಲಿ ಪಿಟಿ ಟೀಚರ್, ಸೀಟಿ ಇಲ್ಲದೆ ಹೊರಗೆ ಬರುವವರಲ್ಲ, ಅವತ್ತೂ ಬ್ಯಾಗಿನಲ್ಲಿ ಇತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹತ್ತು ಫ್ರೇಮ್, ಒಂದೊಂದಕ್ಕೆ ಎರಡು ಸಲ ಚೆಂಡು. ಮೊದಲ ಚೆಂಡಿಗೇ ಹತ್ತೂ ಪಿನ್ ಬಿದ್ದರೆ ಸ್ಟ್ರೈಕ್, ಎರಡನೆಯದಕ್ಕೆ ಉಳಿದದ್ದೆಲ್ಲ ಬಿದ್ದರೆ ಸ್ಪೇರ್, ಸ್ಟ್ರೈಕಿಗೆ ಮುಂದಿನ ಎರಡು ಚೆಂಡಿನ, ಸ್ಪೇರಿಗೆ ಮುಂದಿನ ಒಂದು ಚೆಂಡಿನ ಪಿನ್ನುಗಳೂ ಸೇರುತ್ತವೆ. ಕೊನೆಯ ಫ್ರೇಮಿನ ಹೆಚ್ಚುವರಿ ಎರಡು ಚೆಂಡೂ ಸೇರಿ ಸತತ 12 ಸ್ಟ್ರೈಕ್ ಹೊಡೆದರೆ 300, ಅದಕ್ಕಿಂತ ಮೇಲೆ ಇಲ್ಲ. ನಮ್ಮಂಥವರು 100 ದಾಟಿದರೆ ಮನೆಗೆ ಫೋನ್ ಮಾಡಿ ಹೇಳುತ್ತೇವೆ.

ಹೊಸಬರು ಹಳಬರು ಒಟ್ಟಿಗೆ ಆಡಬೇಕಾದರೆ ಹ್ಯಾಂಡಿಕ್ಯಾಪ್, ಅಂದರೆ ಕಡಿಮೆ ಆಡುವವರಿಗೆ ಸೇರಿಸಿ ಕೊಡುವ ಪಿನ್, ಬೇಕೇ ಬೇಕು. ನಮ್ಮ ಕಡೆ ಜಾತ್ರೆಯ ಕುಸ್ತಿಯಲ್ಲಿ ಜೋಡಿ ಹಚ್ಚುವ ಹಿರಿಯರು ಇರುತ್ತಾರಲ್ಲ, ಪೈಲ್ವಾನರ ಮೈಕಟ್ಟು ನೋಡಿ, ಯಾವ ಊರು, ಯಾವ ಗರಡಿ ಕೇಳಿ, ಸರಿಸಮ ಅನಿಸಿದರಷ್ಟೇ ಕೈ ಕೂಡಿಸುತ್ತಾರೆ. ಬೌಲಿಂಗಿನಲ್ಲಿ ಆ ಹಿರಿಯರ ಕೆಲಸವನ್ನು ಲೆಕ್ಕ ಮಾಡುತ್ತದೆ. ಇವರ ಲೆಕ್ಕ ಹೀಗಿತ್ತು: ಹಿಂದಿನ ವಾರ ಎಲ್ಲರೂ ಬಂದು ಮೂರು ಟ್ರಯಲ್ ಗೇಮ್ ಆಡಬೇಕು, ಅದರ ಸರಾಸರಿ 160ಕ್ಕಿಂತ ಎಷ್ಟು ಕಡಿಮೆಯೋ ಅದರ ಶೇಕಡಾ 80ರಷ್ಟು ಪಿನ್ ಪ್ರತಿ ಗೇಮಿಗೂ ಸೇರಿಸಿ ಕೊಡುತ್ತಾರೆ. ಸರಾಸರಿ 100 ಇದ್ದವನಿಗೆ 48 ಪಿನ್ ಪುಕ್ಕಟೆ. ಲೆಕ್ಕ ಸರಿಯೇ ಇದೆ, ಬೇರೆ ಕಡೆಯೂ ಹೀಗೇ ಮಾಡುತ್ತಾರೆ, ಅಂಕಿ ಮಾತ್ರ ಹೆಚ್ಚುಕಡಿಮೆ ಇರುತ್ತದೆ. ಎಡವಟ್ಟು ಇರುವುದು ಟ್ರಯಲ್ಲಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಅವತ್ತು ಹತ್ತಕ್ಕೆ ಶುರು ಅಂದದ್ದು ಹನ್ನೊಂದೂ ಇಪ್ಪತ್ತಕ್ಕೆ ಶುರುವಾಯಿತು. ಚೀಟಿ ಎತ್ತಿದೆವು, ನಮಗೆ ನಾಲ್ಕನೇ ಲೇನ್ ಬಂತು. ಆಗ ಕೈಗೆ ಒಂದು ಹಾಳೆ ಕೊಟ್ಟರು, ನಿಯಮಗಳು ಅಂತ. ನೋಡಿ, ಫೀಸು ತೆಗೆದುಕೊಂಡು ಹತ್ತು ದಿನ ಆದ ಮೇಲೆ, ಶೂ ಹಾಕಿಕೊಂಡು ನಿಂತಾಗ. ಆರು ಸಾಲು ಇತ್ತು. ಮೂರನೇ ಸಾಲು: ಮೂರು ಫೌಲ್ ಆದರೆ ಟೀಮ್ ಡಿಸ್‌ಕ್ವಾಲಿಫೈ.

ಒಬ್ಬರಿಗೆ ಮೂರಾ, ಟೀಮಿಗೆಲ್ಲ ಸೇರಿ ಮೂರಾ? ಒಂದು ಗೇಮಿನಲ್ಲಾ, ಮೂರೂ ಗೇಮಿನಲ್ಲಾ? ಹಾಳೆಯಲ್ಲಿ ಇರಲಿಲ್ಲ. ಮೂರು ಜನ ಮೂರು ಗೇಮ್ ಆಡಿದರೆ ಹತ್ತಿರ ಹತ್ತಿರ 160 ಸಲ ಚೆಂಡು ಬಿಡುವ ಗೆರೆಯ ತನಕ ಓಡಿ ಬರಬೇಕು. ಅದರಲ್ಲಿ ಮೂರು ಸಲ ಕಾಲು ಜಾರಿದರೆ ಮೂವರೂ ಮನೆಗೆ. ಅಕ್ಕೋರು ಅಲ್ಲೇ ಕೇಳಿದರು. "ಅಷ್ಟೆಲ್ಲಾ ಆಗಂಗಿಲ್ರಿ ಮೇಡಂ, ಆಡ್ರಿ ಆರಾಮ" ಅಂದರು ಮ್ಯಾನೇಜರ್. ನಾವೂ ಆರಾಮಾಗಿ ನಂಬಿದೆವು.

ಫೌಲ್ ಅಂದರೆ ಚೆಂಡು ಬಿಡುವಾಗಲೋ ಬಿಟ್ಟ ಮೇಲೋ ದೇಹದ ಯಾವುದೇ ಭಾಗ ಫೌಲ್ ಗೆರೆ ದಾಟಿ ಆ ಕಡೆ ತಾಗುವುದು. ಆ ಗೆರೆಯಿಂದ ಎಲ್ಲಕ್ಕೂ ಮುಂದೆ ನಿಂತ ಪಿನ್ನಿಗೆ 60 ಅಡಿ. ನನ್ನ ಅಳಿಯನಿಗೆ ಹತ್ತೊಂಬತ್ತು ವರ್ಷ, ನಾಲ್ಕು ಹೆಜ್ಜೆ ಓಡಿ ಎಡಗಾಲು ಜಾರಿಸಿ ಚೆಂಡು ಬಿಡುತ್ತಾನೆ, ನೋಡಲು ಚೆಂದ, ಆದರೆ ಬಾಡಿಗೆ ಶೂ ಎಲ್ಲಿ ನಿಲ್ಲುತ್ತದೋ ಅವನಿಗೇ ಗೊತ್ತಿಲ್ಲ. ಮೊದಲ ಗೇಮಿನ ಐದನೇ ಫ್ರೇಮಿನಲ್ಲಿ ಗೆರೆಯ ಸೆನ್ಸರಿನ ಬಝರ್ ಹೊಡೆಯಿತು. ಎರಡನೇ ಗೇಮಿನ ಮೂರನೇ ಫ್ರೇಮಿನಲ್ಲಿ ಮತ್ತೆ. ಎರಡೂ ಖರೇ ಫೌಲ್, ನಾವು ತಕರಾರು ಮಾಡಲಿಲ್ಲ. ಆರನೇ ಫ್ರೇಮಿನಲ್ಲಿ ಅವನು ಗೆರೆಗಿಂತ ಒಂದು ಗೇಣು ಹಿಂದೆಯೇ ನಿಂತ, ನಾನು ನೋಡಿದೆ, ಆದರೆ ಹೆಗಲ ಮೇಲಿನ ಟವೆಲ್ ಜಾರಿ ಗೆರೆಯ ಮೇಲೆ ಬಿತ್ತು. ಸೆನ್ಸರಿನ ಬೆಳಕು ಕಡಿಯಿತು, ಬಝರ್. ಪರದೆಯ ಮೇಲೆ ಎಫ್ ಅಂತ ಬಂತು.

"ಶೀಟಿನ್ಯಾಗ ಬರದದ ನೋಡ್ರಿ ಸರ್, ಮೂರು ಆದ್ವು" ಅಂದರು ಮ್ಯಾನೇಜರ್.

"ಟವೆಲ್ ಬಿದ್ದದ್ರೀ. ಟವೆಲ್ ಏನ್ ಅವನ ಕಾಲಾ?"

"ಮಷೀನ್ ಹೊಡದದ ಸರ್. ನಾ ಏನ್ ಮಾಡ್ಲಿ?"

ಇಲ್ಲಿ ಅಕ್ಕೋರು ಎದ್ದರು. ಅವರ ಕೈಯಲ್ಲಿ ಅದೇ ನಿಯಮದ ಹಾಳೆ, ಅದರ ಹಿಂಬದಿ ತುಂಬ ಪೆನ್ಸಿಲ್ ಗೀಟು. ಅಲ್ಲಿಯವರೆಗೆ ಒಂದು, ಎರಡು, ಮೂರನೇ ಲೇನಿನಲ್ಲಿ ಎಷ್ಟು ಜನ ಗೆರೆ ದಾಟಿದರು ಅಂತ ಎಣಿಸುತ್ತಾ ಕೂತಿದ್ದರು. ಹನ್ನೊಂದು. ಒಂದಕ್ಕೂ ಬಝರ್ ಹೊಡೆದಿರಲಿಲ್ಲ. ಯಾಕೆ ಅಂತ ಕೇಳಿದರೆ ಮ್ಯಾನೇಜರ್ ತಲೆ ಕೆರೆದುಕೊಂಡು ಹೇಳಿದ್ದು, ಆ ಮೂರು ಲೇನಿನ ಸೆನ್ಸರ್ ಕೆಟ್ಟು ಒಂದು ತಿಂಗಳಾಗಿದೆ.

ಅಂದರೆ ಟೂರ್ನಮೆಂಟಿನಲ್ಲಿ 12 ಟೀಮ್ ಇದ್ದರೂ ಫೌಲಿನ ನಿಯಮ ಇದ್ದದ್ದು ನಾಲ್ಕನೇ ಲೇನಿನ ಚೀಟಿ ಎತ್ತಿದ ಮೂರು ಟೀಮಿಗೆ ಮಾತ್ರ! ನನಗೆ ಸಿಟ್ಟು ಬಂದದ್ದು ಹೊರಗೆ ಹಾಕಿದ್ದಕ್ಕಲ್ಲ, ಇದಕ್ಕೆ. ಸೆನ್ಸರ್ ಕೆಟ್ಟಿದ್ದರೆ ನಾಲ್ಕನೆಯದನ್ನೂ ಬಂದ್ ಮಾಡಿ, ಗೆರೆಯ ಪಕ್ಕ ಒಂದು ಸ್ಟೂಲ್ ಹಾಕಿ ಒಬ್ಬ ಹುಡುಗನನ್ನು ಕೂರಿಸಬಹುದಿತ್ತು. ಅಧಿಕೃತ ಆಟದಲ್ಲೂ ಮಷೀನ್ ಇಲ್ಲದಿದ್ದರೆ ಫೌಲ್ ನೋಡಲು ಒಬ್ಬರನ್ನು ಇಡುತ್ತಾರೆ, ಅದೇನು ಹೊಸ ಮಾತಲ್ಲ.

ಮನೆಗೆ ಬಂದು ಯುಎಸ್‌ಬಿಸಿಯ ನಿಯಮ ಪುಸ್ತಕ ತೆಗೆದು ಕೂತೆ. ಅಲ್ಲಿ ಫೌಲ್ ಆದರೆ ಆ ಚೆಂಡಿಗೆ ಬಿದ್ದ ಪಿನ್ ಲೆಕ್ಕಕ್ಕಿಲ್ಲ, ಚೆಂಡು ಮಾತ್ರ ಲೆಕ್ಕಕ್ಕೆ. ಅಷ್ಟೇ ಶಿಕ್ಷೆ. ಮೊದಲ ಚೆಂಡು ಫೌಲ್ ಆದರೆ ಹತ್ತೂ ಪಿನ್ ಮತ್ತೆ ನಿಲ್ಲಿಸಿ ಎರಡನೇ ಚೆಂಡು ಕೊಡುತ್ತಾರೆ, ಅದಕ್ಕೆ ಹತ್ತೂ ಬಿದ್ದರೆ ಸ್ಪೇರ್ ಕೂಡ ಸಿಗುತ್ತದೆ. ಕಾಲು ಜಾರಿದವನನ್ನು ಮನೆಗೆ ಕಳಿಸುವ ಮಾತಿಲ್ಲ, ಬೇಕೆಂದೇ ಗೆರೆ ದಾಟಿ ಲಾಭ ಮಾಡಿಕೊಳ್ಳುವವನ ಕಥೆ ಬೇರೆ. ಇನ್ನು ಟವೆಲ್ಲಿನಂಥ ಜಗಳಕ್ಕೂ ದಾರಿ ಇದೆ. ಅಲ್ಲೇ ತೀರ್ಮಾನ ಆಗದಿದ್ದರೆ ಪ್ರೊವಿಷನಲ್ ಚೆಂಡು ಹಾಕಿಸುತ್ತಾರೆ. ಫೌಲ್ ಅಂತ ಒಂದು ಲೆಕ್ಕ, ಅಲ್ಲ ಅಂತ ಒಂದು ಲೆಕ್ಕ, ಎರಡೂ ಬರೆದಿಟ್ಟು ಆಟ ಮುಂದುವರಿಸುತ್ತಾರೆ, ತೀರ್ಪು ಆಮೇಲೆ. ಎರಡು ನಿಮಿಷದ ಕೆಲಸ. ನಮ್ಮಲ್ಲಿ ಅದರ ಬದಲು ಇಪ್ಪತ್ತೈದು ನಿಮಿಷ ಜಗಳ ಆಯಿತು, ಪಕ್ಕದ ಲೇನಿನವರ ಕೈ ತಣ್ಣಗಾಯಿತು, ಅವರೂ ನಮ್ಮನ್ನೇ ಬೈದರು.

ನಾವು ಹೊರಗೆ ಬಿದ್ದ ಮೇಲೂ ಮನೆಗೆ ಹೋಗಲಿಲ್ಲ, ಎಸಿ ಇತ್ತಲ್ಲ. ಕೂತು ನೋಡಿದೆವು. ಆಗಲೇ ಅಸಲಿ ಆಟ ಕಂಡದ್ದು.

ಮೂರನೇ ಪಾಳಿಯಲ್ಲಿ ಒಬ್ಬರು ಬಂದರು. ಸ್ವಂತ ಚೆಂಡು, ಸ್ವಂತ ಶೂ, ಮಣಿಕಟ್ಟಿಗೆ ಪಟ್ಟಿ. ಚೆಂಡು ಬಲಗಡೆ ಅಂಚಿಗೆ ಹೋಗಿ ಕೊನೆಯಲ್ಲಿ ಕೊಕ್ಕೆಯ ಹಾಗೆ ತಿರುಗಿ ನಡುವಿಗೆ ನುಗ್ಗುತ್ತಿತ್ತು, ಇದನ್ನು ಒಂದು ವಾರದಲ್ಲಿ ಯಾರೂ ಕಲಿಯುವುದಿಲ್ಲ. 151, 163, 148 ಹೊಡೆದರು. ಗೋಡೆಗೆ ಅಂಟಿಸಿದ್ದ ಟ್ರಯಲ್ ಪಟ್ಟಿ ನೋಡಿದರೆ ಅವರದೇ ಹೆಸರಿನ ಮುಂದೆ 71, 64, 75. ಸರಾಸರಿ 70! ಹಾಗಾಗಿ ಪ್ರತಿ ಗೇಮಿಗೆ 72 ಪಿನ್ ಉಡುಗೊರೆ, ಮೂರು ಗೇಮಿಗೆ 216. ಅವತ್ತು ಆಡಿದ್ದರ ಲೆಕ್ಕದಲ್ಲಿ ಅವರಿಗೆ ಸಿಗಬೇಕಾಗಿದ್ದದ್ದು ಗೇಮಿಗೆ ನಾಲ್ಕು ಪಿನ್. ಅವರ ಟೀಮೇ ಗೆದ್ದಿತು ಅಂತ ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಇಂಗ್ಲಿಷಿನವರು ಸ್ಯಾಂಡ್‌ಬ್ಯಾಗಿಂಗ್ ಅನ್ನುತ್ತಾರೆ. ಬೇಕಂತಲೇ ಕೆಟ್ಟದಾಗಿ ಆಡಿ ಸರಾಸರಿ ಇಳಿಸಿಕೊಳ್ಳುವುದು. ಹವ್ಯಾಸಿ ಬೌಲಿಂಗಿನಲ್ಲಿ ಎಲ್ಲಕ್ಕಿಂತ ಹಳೆಯ ರೋಗ ಇದೇ, ಓಣಿಯ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಹೊರಗಿನ ಊರಿನ ಬೌಲರನ್ನು ತಂದು ನಮ್ಮ ಮಾವನ ಮಗ ಅನ್ನುತ್ತಾರಲ್ಲ, ಅದರ ತಮ್ಮ. ಅದಕ್ಕೇ ಟೂರ್ನಮೆಂಟ್ ನಡೆಸುವವರು ಮೂರು ಗೇಮ್ ನೋಡಿ ನಂಬುವುದಿಲ್ಲ, ಯುಎಸ್‌ಬಿಸಿ ನಿಯಮದಲ್ಲಿ ಸರಾಸರಿ ಅಂದರೆ ಕನಿಷ್ಠ 21 ಗೇಮಿನದು. ಆ ಸರಾಸರಿ ಸರಿಯಾಗಿ ಹೇಳುವ ಹೊಣೆ ಆಟಗಾರನದೇ. ಕಡಿಮೆ ಹೇಳಿ ಜಾಸ್ತಿ ಹ್ಯಾಂಡಿಕ್ಯಾಪ್ ಪಡೆದರೆ ಸ್ಕೋರು ರದ್ದು. ಹೇಳಿದ್ದಕ್ಕಿಂತ ಚೆನ್ನಾಗಿ ಆಡುತ್ತಾನೆ ಅಂತ ಗೊತ್ತಿದ್ದ ಆಟಗಾರನ ಸರಾಸರಿಯನ್ನು ಮೊದಲೇ ಏರಿಸುವ ಅಧಿಕಾರವೂ ಟೂರ್ನಮೆಂಟ್ ಮ್ಯಾನೇಜರಿಗೆ ಇರುತ್ತದೆ. ಹಾಗಾದರೆ ಡಿಸ್‌ಕ್ವಾಲಿಫೈ ಅನ್ನುವ ದೊಡ್ಡ ಬಡಿಗೆ ಇರುವುದು ಇಂಥದಕ್ಕೆ. ಕಾಲು ಜಾರಿದ್ದು ತಪ್ಪು, ಅದಕ್ಕೆ ಪಿನ್ ಹೋಗಲಿ. ಸರಾಸರಿ ಮುಚ್ಚಿಟ್ಟದ್ದು ಮೋಸ, ಅದಕ್ಕೆ ಆಟವೇ ಹೋಗಲಿ. ನಮ್ಮ ಹಾಳೆಯ ಆರು ಸಾಲಿನಲ್ಲಿ ಇದು ಉಲ್ಟಾ ಇತ್ತು. ಕೇಳಿದ್ದಕ್ಕೆ "ನಿಯಮದಾಗ ಇಲ್ಲರೀ" ಅಂದರು ಮ್ಯಾನೇಜರ್.

ಅದೇ ಮಹಾಶಯರು ಪ್ರತಿ ಫ್ರೇಮಿಗೂ ಚೆಂಡಿಗೆ ಏನೋ ಸ್ಪ್ರೇ ಹೊಡೆದು ಒರೆಸುತ್ತಿದ್ದರು. 2019ರ ಆಗಸ್ಟಿನಿಂದ ಯುಎಸ್‌ಬಿಸಿ ಆಟದಲ್ಲಿ ಅದೂ ಇಲ್ಲ, ಒಣ ಟವೆಲ್ ಮಾತ್ರ. ಆದರೆ ನಮ್ಮ ಮಟ್ಟಕ್ಕೆ ಅದನ್ನು ಹಿಡಿದು ಕೂರಬಾರದು ಅನ್ನಿಸುತ್ತದೆ, ಹಾಗೆ ಶುರು ಮಾಡಿದರೆ ಸಾಕ್ಸಿನ ಬಣ್ಣಕ್ಕೂ ನಿಯಮ ಬರುತ್ತದೆ.

ಈಗ ನನ್ನದೊಂದು ತಪ್ಪೊಪ್ಪಿಗೆ. ಟ್ರಯಲ್ಲಿನ ಮೊದಲ ಗೇಮಿನಲ್ಲಿ ನನಗೆ ಸಿಕ್ಕಿದ್ದು ಬೆರಳಿಗೆ ಹೊಂದದ 8 ಪೌಂಡಿನ ಮಕ್ಕಳ ಚೆಂಡು, 81 ಬಂತು. ಆಮೇಲೆ ನನ್ನ ಎಂದಿನ ಚೆಂಡು ಸಿಕ್ಕಿ 112, 119. ಸರಾಸರಿ 104 ಆಯಿತು, 44 ಪಿನ್ ಕೊಟ್ಟರು. ಆದರೆ ನಾನು ಅಲ್ಲಿ ಆರು ತಿಂಗಳಿಂದ ಆಡುತ್ತಿದ್ದೇನೆ, ನನ್ನ ನಿಜವಾದ ಸರಾಸರಿ 118 ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ 33 ಪಿನ್ ಬರಬೇಕಿತ್ತು. ಹನ್ನೊಂದು ಪಿನ್ ಜಾಸ್ತಿ ಬಂದದ್ದು ಪಟ್ಟಿಯಲ್ಲಿ ಕಂಡಿತು, ನಾನು ಸುಮ್ನಿದ್ದೆ. ಬೇಕಂತ ಮಾಡಲಿಲ್ಲ ನಿಜ. ಆದರೆ ನಿಯಮ ಪುಸ್ತಕ ಓದುತ್ತಾ ಸರಾಸರಿಯ ಹೊಣೆ ಆಟಗಾರನದು ಅನ್ನುವ ಸಾಲಿಗೆ ಬಂದಾಗ ಆ ಸ್ಪ್ರೇ ಬಾಟಲಿಯವರನ್ನು ಬೈಯುವ ಉಮೇದು ಸ್ವಲ್ಪ ಇಳಿಯಿತು.

ಇನ್ನೂ ಒಂದೆರಡು ಸಂಗತಿ ಇವೆ. ಲೇನಿನ ಮೇಲೆ ಎಣ್ಣೆ ಹಚ್ಚಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ, ನಡುವೆ ಜಾಸ್ತಿ, ಅಂಚಿಗೆ ಕಡಿಮೆ, ಕೊನೆಯ ಭಾಗ ಒಣ. ಚೆಂಡು ಉರುಳಿದ ಹಾಗೆಲ್ಲ ಆ ಎಣ್ಣೆ ಹರಡುತ್ತದೆ, ಬೆಳಿಗ್ಗೆ ಇದ್ದ ಲೇನ್ ಸಂಜೆಗೆ ಇರುವುದಿಲ್ಲ. ಮೂರು ಪಾಳಿಯ ನಡುವೆ ಒಮ್ಮೆಯೂ ಮತ್ತೆ ಹಚ್ಚಲಿಲ್ಲ. ಟೀಮುಗಳು ಮೂರೂ ಗೇಮ್ ಒಂದೇ ಲೇನಿನಲ್ಲಿ ಆಡಿದವು. ದೊಡ್ಡ ಕಡೆ ಎರಡು ಲೇನಿನಲ್ಲಿ ಒಂದೊಂದು ಫ್ರೇಮ್ ಅದಲುಬದಲು ಆಡಿಸುತ್ತಾರೆ, ಒಂದು ಲೇನಿನ ಕುಂಟುತನ ಇಬ್ಬರಿಗೂ ಸಮ ಹಂಚಿಹೋಗಲಿ ಅಂತ. ಇಲ್ಲಿ ಗೇಮಿಗೊಂದು ಲೇನ್ ಬದಲಿಸಿದ್ದರೂ ಸಾಕಿತ್ತು. ಫೌಲ್ ಬಝರ್ ಕೂಡ ಹೆಚ್ಚಿನ ಟೀಮುಗಳ ಪಾಲಿಗೆ ಬರುತ್ತಿತ್ತು!

ಹೊಗಳುವುದಕ್ಕೂ ಒಂದು ಇದೆ. ಮೊದಲ ಗೇಮಿನಲ್ಲಿ ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಎರಡನೇ ಲೇನಿನ ಒಂದು ಹುಡುಗಿಯ ಚೆಂಡು ಅರ್ಧ ದಾರಿಯಲ್ಲಿತ್ತು, ಪಿನ್ನುಗಳು ಮೇಲೆ ನೇತಾಡುತ್ತಿದ್ದವು. ಕೌಂಟರಿನ ಹುಡುಗ ಯಾರನ್ನೂ ಕೇಳದೆ "ಡೆಡ್ ಬಾಲ್, ಮತ್ತೊಮ್ಮೆ ಹಾಕ್ರಿ ಅಕ್ಕಾ" ಅಂದ. ಸರಿಯಾದ ತೀರ್ಪು, ಮೂರು ಸೆಕೆಂಡಿನಲ್ಲಿ. ಅಂಥವನನ್ನೇ ಗೆರೆಯ ಪಕ್ಕ ಕೂರಿಸಬೇಕಿತ್ತು.

ಅಮೆರಿಕದಲ್ಲೂ ಒಂದು ಕಾಲಕ್ಕೆ ಹೀಗೇ ಊರಿಗೊಂದು ನಿಯಮ ಇತ್ತಂತೆ. ಅದನ್ನು ಒಂದು ಮಾಡಲೆಂದೇ 1895ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಹುಟ್ಟಿತು, ಅದೇ ಮುಂದೆ 2005ರಲ್ಲಿ ಬೇರೆ ಸಂಸ್ಥೆಗಳ ಜೊತೆ ಸೇರಿ ಯುಎಸ್‌ಬಿಸಿ ಆಯಿತು. ನಮ್ಮ ಮ್ಯಾನೇಜರಿಗೆ ಇದನ್ನೆಲ್ಲ ವಾಟ್ಸಾಪಿನಲ್ಲಿ ಕಳಿಸಿದೆ. ಪಾಪ, ಮನುಷ್ಯ ಕೆಟ್ಟವನಲ್ಲ, ಉತ್ತರ ಕೊಟ್ಟರು. ಮೂರು ಫೌಲ್ ಸಾಲು ತೆಗೆಯುತ್ತೇವೆ ಅಂದಿದ್ದಾರೆ. ಸೆನ್ಸರಿಗೆ ಹೈದರಾಬಾದಿನಿಂದ ಪಾರ್ಟ್ ಬರಬೇಕಂತೆ. ಟ್ರಯಲ್ ಬದಲು ಕಂಪ್ಯೂಟರಿನಲ್ಲಿರುವ ಹಳೆಯ ಸ್ಕೋರುಗಳಿಂದ ಸರಾಸರಿ ತೆಗೆಯಿರಿ ಅಂದಿದ್ದೆ, ಪ್ರತಿ ಗೇಮಿನ ಸ್ಕೋರೂ ಅದರಲ್ಲಿ ಇರುತ್ತದಲ್ಲ, "ನೋಡ್ತೀವ್ರಿ" ಅಂದರು. ಫೀಸು ವಾಪಸ್ ಕೊಡಲಿಲ್ಲ. ತಲೆಗೊಂದು ಫ್ರೀ ಗೇಮ್ ಕೂಪನ್ ಕೊಟ್ಟರು. ಅಕ್ಕೋರು ಮುಟ್ಟಲಿಲ್ಲ, ಅಳಿಯ ಅವರದ್ದನ್ನೂ ಸೇರಿಸಿ ಜೇಬಿಗೆ ಹಾಕಿಕೊಂಡ.

ಒಟ್ಟು ಲೆಕ್ಕ ಹೇಳು ಅಂದರೆ, ಆಡುವ ಜಾಗಕ್ಕೆ ಐದರಲ್ಲಿ ನಾಲ್ಕು, ಟೂರ್ನಮೆಂಟಿಗೆ ಒಂದೂವರೆ, ಆ ಅರ್ಧ ಡೆಡ್ ಬಾಲ್ ಹುಡುಗನಿಗೆ. ಹೋಗುವವರು ದುಡ್ಡು ಕಟ್ಟುವ ಮೊದಲು ನಿಯಮದ ಹಾಳೆ ಕೇಳಿ, ಎಲ್ಲ ಲೇನಿನ ಗೆರೆಯ ಮೇಲೂ ಒಮ್ಮೆ ಕೈ ಆಡಿಸಿ ಬಝರ್ ಬರುತ್ತದಾ ನೋಡಿ. ಮುಂದಿನ ಟೂರ್ನಮೆಂಟ್ ದಸರಾ ರಜೆಯಲ್ಲಂತೆ. ಅಳಿಯ ಆ ಕೂಪನ್ ಹಿಡಿದು ದಿನಾ ಸಂಜೆ ಹೋಗಿ ಒಂದು ಅಡಿ ಹಿಂದಿನಿಂದ ಓಡಿ ಬರುವುದು ಕಲಿಯುತ್ತಿದ್ದಾನೆ, "ಮಾಮಾ, ನಿಂದೂ ಹೆಸರು ಬರಸ್ಲೇನು?" ಅಂತ ಕೇಳಿದ. ಬರಸು ಅಂದೆ, ಸರಾಸರಿ 118 ಅಂತ ಹಾಕು.